ಬಂದೂಕಿನ ಮುಂದೆ ನಡೆಯುವ ಕೆಲಸ

ಶನಿವಾರ ಬೆಳಗ್ಗೆ ಏಳಕ್ಕೆ ನಾನು ಬಂದೂಕಿನ ಪಾಠ ಮಾಡುತ್ತೇನೆ. ಏಳು ಎಂದರೆ ಏಳು. ತಡವಾಗಿ ಬಂದವರು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಮನೆಗೆ ಹೋಗಿ, ಮುಂದಿನ ವಾರ ಬರಬಹುದು.

ಬಂದೂಕಿಗೆ ಪರವಾನಗಿ ಕೇಳುವವರು ಮೊದಲು ಅದನ್ನು ಸುರಕ್ಷಿತವಾಗಿ ಹಿಡಿಯಲು ಕಲಿತಿದ್ದೇವೆಂದು ಪ್ರಮಾಣಪತ್ರ ತೋರಿಸಬೇಕು. ಅಂಥ ಪಾಠ ನಡೆಸುವ ಶೂಟಿಂಗ್ ಕ್ಲಬ್ಬೊಂದರಲ್ಲಿ ನಾನು ಕಲಿಸುವವಳು. ಚೆನ್ನೈಯ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು ನಾನು. ರೈಫಲ್ ಹಿಡಿದದ್ದರಿಂದಲೇ ನನಗೂ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಆಟಗಾರರ ಕೋಟಾದಲ್ಲಿ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಈ ಪಾಠ ಹಿಡಿದೆ. ಎಪ್ಪತ್ತು ದಾಟಿದ ಮೇಲೂ ಬಿಟ್ಟಿಲ್ಲ. ಬೆಳಗ್ಗೆ ಕತ್ತಲಿರುವಾಗಲೇ ಬೆಸೆಂಟ್ ನಗರದ ಸಮುದ್ರದ ದಂಡೆಯಲ್ಲಿ ನಡಿಗೆ, ಬಂದು ಸ್ನಾನ, ಎರಡು ಇಡ್ಲಿ, ಬಸ್ಸು. ನಮ್ಮ ಯಜಮಾನರು ವಿಮಾ ಕಂಪನಿಯಲ್ಲಿ ಇದ್ದವರು. ಪೇಪರಿನ ಹಿಂದಿನಿಂದ ಪ್ರತಿ ಶನಿವಾರ ಒಂದೇ ಮಾತು:

"ಏನು ಹವಾಲ್ದಾರರೇ, ಇವತ್ತು ಯಾರನ್ನ ಗೋಡೆಗೆ ನಿಲ್ಲಿಸ್ತೀರಿ?"

"ನಿಮ್ಮನ್ನೇ. ಎದ್ದು ಹಲ್ಲುಜ್ಜಿ."

ಪಾಠಕ್ಕೆ ಬರುವವರು ಹೆಚ್ಚಾಗಿ ಒಡವೆ ಅಂಗಡಿಯವರು, ಜಮೀನಿನ ಜಗಳ ಇರುವವರು, ಅಪ್ಪನ ಕಾಲದ ಬಂದೂಕು ತಮ್ಮ ಹೆಸರಿಗೆ ಆಗಬೇಕಾದವರು. ಅವರಿಗೆಲ್ಲ ಗುರಿಯ ಮೇಲೆ ಆಸೆ. ಗುರಿ ನನಗೆ ಮುಖ್ಯವಲ್ಲ. ನಾನು ಎಲ್ಲಕ್ಕಿಂತ ಮೊದಲು ಕಲಿಸುವುದು ಬಂದೂಕು ಕೆಳಗಿಡುವುದನ್ನು. ಯಾರಾದರೂ "ಸ್ಟಾಪ್" ಎಂದು ಕೂಗಿದರೆ, ಕೂಗಿದವರು ನಾನಾಗಲಿ, ಪಕ್ಕದವರಾಗಲಿ, ಕಸ ಗುಡಿಸುವವಳಾಗಲಿ, ಬಂದೂಕನ್ನು ಮೇಜಿನ ಮೇಲಿಟ್ಟು, ಕೈ ತೆಗೆದು, ಹಿಂದಕ್ಕೆ ಸರಿಯಬೇಕು. ಯಾಕೆ ಎಂದು ಕೇಳಬಾರದು. ಇಟ್ಟ ಮೇಲೆ ಕೇಳಬಹುದು. ನನಗೆ ಕಲಿಸಿದ ಕೋಚ್ ಹೀಗೆಯೇ ಕಲಿಸಿದ್ದರು. ಒಬ್ಬಳು ಹುಡುಗಿ ತಲೆಯೆತ್ತಿ "ಯಾಕೆ ಸಾರ್" ಎಂದದ್ದಕ್ಕೆ ಆ ವರ್ಷವೆಲ್ಲ ಆಕೆಯ ಕೈಗೆ ರೈಫಲ್ ಕೊಟ್ಟಿರಲಿಲ್ಲ.

ಅವನು ಬಂದದ್ದು ಕಳೆದ ವರ್ಷ ಬೇಸಿಗೆ ಶುರುವಾಗುವಾಗ. ಟಿ. ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆಫೀಸಿಟ್ಟುಕೊಂಡಿರುವ ಪ್ರವಾಸಿ ಕಂಪನಿಯವರು ಕಳಿಸಿದ್ದರು. ನಲವತ್ತರ ಆಸುಪಾಸಿನ ಗಂಡಸು, ಸಣ್ಣ ಮೈಕಟ್ಟು, ಗಟ್ಟಿ ಕಂಠ. ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ "ವನ್ಯಜೀವಿ ಗೈಡ್" ಎಂದಿತ್ತು. ಅಂಥವರು ನನ್ನ ಪಾಠಕ್ಕೆ ಬಂದದ್ದು ಅಪರೂಪ. ಎಲ್ಲರಂತೆ ಅವನಿಗೂ ತಮಿಳಿನಲ್ಲೇ ಹೇಳಿದೆ: ಬೆರಳು ಹೊರಗೆ, ಮೂತಿ ಕೆಳಗೆ, ಉಸಿರು ಬಿಡು. ಅವನು ಕಣ್ಣು ಮುಚ್ಚಿಕೊಂಡು ಟ್ರಿಗರ್ ಎಳೆದ. ಗುಂಡು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

"ಅಯ್ಯಪ್ಪಾ, ಸತ್ತೆ!" ಎಂದ, ಅಪ್ಪಟ ಕನ್ನಡದಲ್ಲಿ.

"ಸತ್ತಿಲ್ಲ. ಕಣ್ಣು ಬಿಡು," ಎಂದೆ ನಾನೂ ಕನ್ನಡದಲ್ಲಿ.

"ಅಮ್ಮಾ, ನೀವು ಕನ್ನಡದೋರಾ! ಮೊದ್ಲೇ ಹೇಳ್ಬಾರ್ದಾ? ಇಷ್ಟೊತ್ತು ತಮಿಳಲ್ಲಿ ಬೈಸ್ಕಂಡ್ನಲ್ಲ."

"ಕನ್ನಡದಲ್ಲಿ ಬೈದ್ರೆ ಹಗುರ ಆಗುತ್ತಾ?"

"ಹಗುರ ಆಗಾಕಿಲ್ಲ. ಮನೇಲಿದ್ದಂಗಾಯ್ತದೆ."

ತಮಿಳುನಾಡಿನ ಅಂಚಿನಲ್ಲಿ, ಕರ್ನಾಟಕಕ್ಕೆ ಬೆನ್ನು ಹಚ್ಚಿಕೊಂಡಿರುವ ಬೆಟ್ಟದ ಸೀಮೆ ಅವನದು. ಅಲ್ಲಿ ಮನೆಮಾತೆಲ್ಲ ಕನ್ನಡ. ಹರೆಯದಲ್ಲೇ ಚೆನ್ನೈಯ ಉತ್ತರದಂಚಿನ ತಿರುವೊಟ್ಟಿಯೂರಿಗೆ ಬಂದು ಕಾರ್ಖಾನೆ ಸೇರಿದ್ದ. ಅದು ಮುಚ್ಚಿತು. ಆಮೇಲೆ ಈ ಕಂಪನಿಯವರು ಅವನ ಊರಿನ ಕಡೆಯೇ, ಮೀಸಲು ಕಾಡಿನ ಗಡಿಗೆ ಹೊಂದಿಕೊಂಡ ತಮ್ಮ ಜಮೀನಿನಲ್ಲಿ ಅತಿಥಿಗೃಹ ಕಟ್ಟಿ, ಬಂದವರನ್ನು ಬೆಳಗ್ಗೆ ಸಂಜೆ ನಡೆಸಿಕೊಂಡು ಹೋಗಲು ಇವನನ್ನು ಇಟ್ಟುಕೊಂಡರು. ಹೆಂಡತಿ ಮಕ್ಕಳು ತಿರುವೊಟ್ಟಿಯೂರಿನಲ್ಲೇ ಉಳಿದರು. ವಿಳಾಸವೂ ಅಲ್ಲಿಯದೇ ಇದ್ದದ್ದರಿಂದ ಪರವಾನಗಿಗೆ ಚೆನ್ನೈಯಲ್ಲೇ ಅರ್ಜಿ ಹಾಕಬೇಕಾಗಿತ್ತು.

ಬಂದೂಕು ಬೇಕೆಂದದ್ದು ಅವನಲ್ಲ, ಕಂಪನಿ. ಹಿಂದಿನ ಚಳಿಗಾಲದಲ್ಲಿ ಅತಿಥಿಗಳ ಗುಂಪಿನೆದುರು ಒಂದು ಕರಡಿ ಪೊದೆಯಿಂದ ಎದ್ದಿತ್ತು. ಇವನು ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದ. ಕರಡಿ ಬಂದ ದಾರಿಯಲ್ಲೇ ಹೋಯಿತು. ಆದರೆ ಅತಿಥಿಯೊಬ್ಬರು ಓಡಿಬಿದ್ದು ಮುಂಗೈ ಮುರಿದುಕೊಂಡರು. ಗೈಡಿನ ಕೈಯಲ್ಲಿ ಒಂದು ಕೋಲೂ ಇರಲಿಲ್ಲವೆಂದು ದೂರು ಬರೆದರು. ಮುಂದಿನ ಹಂಗಾಮಿನಿಂದ ಬಂದೂಕಿಲ್ಲದೆ ನಡಿಗೆ ಇಲ್ಲ ಎಂದು ಕಂಪನಿ ತೀರ್ಮಾನಿಸಿತು. ಪರವಾನಗಿ ತಂದ ಗೈಡಿಗೆ ಕೆಲಸ. ತರದವನಿಗೆ ಏನು ಎಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

"ಕರಡೀಗೆ ದೂರದ್ದು ಸರ್ಯಾಗಿ ಕಾಣಾಕಿಲ್ಲ, ಕೇಳಾಕೂ ಇಲ್ಲ ಕಣಮ್ಮ," ಎಂದ. "ಸುಮ್ಕೆ ಹೋದ್ರೆ ಅದರ ಮೈಮೇಲೇ ಹೋಗಿ ಬೀಳ್ತೀವಿ. ಅದಕ್ಕೇ ನಾನು ದಾರೀಲಿ ಬಾಯಿ ಮುಚ್ಚಾಕಿಲ್ಲ. ಗೆಸ್ಟುಗಳು ಬೈತಾರೆ, ಇವನೇನು ರೇಡಿಯೋನಾ ಅಂತ."

ಬೈಯುವುದರಲ್ಲಿ ತಪ್ಪೇನಿರಲಿಲ್ಲ. ಅವನು ನಮ್ಮ ಶೂಟಿಂಗ್ ರೇಂಜಿನಲ್ಲೂ ಬಾಯಿ ಮುಚ್ಚುತ್ತಿರಲಿಲ್ಲ. ಒಡವೆ ಅಂಗಡಿಯವರಿಗೆ ಚಿರತೆಯ ಕಥೆ, ಕಸ ಗುಡಿಸುವವಳಿಗೆ ಹಾವಿನ ಕಥೆ. ಅರ್ಧಕ್ಕರ್ಧ ಸುಳ್ಳೆಂದು ನನ್ನ ಲೆಕ್ಕ.

ಅರ್ಜಿ ತುಂಬಲು ನಮ್ಮ ಮನೆಗೇ ಬಂದ. ಓದು ಬರಹ ಬರುತ್ತಿತ್ತು, ಆದರೆ ಸರ್ಕಾರಿ ಕಾಗದ ಎಂದರೆ ಅಂಗೈ ಬೆವರುತ್ತಿತ್ತು. ಯಾವ ಉದ್ದೇಶಕ್ಕೆ ಬಂದೂಕು ಎಂಬುದಕ್ಕೆ ಅಲ್ಲಿದ್ದ ಆಯ್ಕೆಗಳಲ್ಲಿ ಗೈಡಿನ ಕೆಲಸ ಇರಲಿಲ್ಲ. ಬೆಳೆ ರಕ್ಷಣೆ ಎನ್ನಲು ಅವನಿಗೆ ಜಮೀನಿಲ್ಲ. ಕ್ರೀಡೆ ಎನ್ನುವುದು ನನ್ನೆದುರೇ ಸುಳ್ಳಾಗುತ್ತಿತ್ತು. ಉಳಿದದ್ದು ಆತ್ಮರಕ್ಷಣೆ. ಪ್ರಾಣಕ್ಕೆ ಯಾರಿಂದ ಅಪಾಯ, ವಿವರ ಕೊಡಿ ಎಂದು ಆಫೀಸಿನವರು ಕೇಳುತ್ತಾರೆ ಎಂದೆ.

"ಕರಡಿ ಅಂತ ಬರೀರಿ."

"ವಿಳಾಸ?" ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ.

"ಅಪ್ಪಾಜಿ, ಅದು ಬಾಡಿಗೆ ಮನೇದು. ತಿಂಗ್ಳಿಗೊಂದು ಕಡೆ."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಕಾಡಂಚಿನ ಜಮೀನಿನಲ್ಲಿ ಅತಿಥಿಗಳ ಜೊತೆ ನಡೆಯುವಾಗ ಕಾಡುಪ್ರಾಣಿಗಳಿಂದ ಅಪಾಯ ಎಂದು ಇದ್ದದ್ದನ್ನು ಇದ್ದಂತೆ ಬರೆಸಿದೆ. ಆ ಕಾಗದ ಹೊತ್ತು ಅವನು ಹೋದಮೇಲೆ ಯಜಮಾನರು ಪೇಪರ್ ಮಡಿಸಿದರು.

"ಸಿಗಲ್ಲ ಕಣೇ."

"ಗೊತ್ತು," ಎಂದೆ.

ಗೊತ್ತಿದ್ದೂ ಕಲಿಸಿದೆ. ಕಲಿಸುವುದು ನನ್ನ ಕೆಲಸ. ಅವನ ಗುರಿ ಕೊನೆಯವರೆಗೂ ಸುಧಾರಿಸಲಿಲ್ಲ. ಸದ್ದಿಗೆ ಭುಜ ಹಾರುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಆದರೆ "ಸ್ಟಾಪ್" ಎಂದರೆ ಅವನಷ್ಟು ಚೆನ್ನಾಗಿ ಬಂದೂಕು ಕೆಳಗಿಟ್ಟವರನ್ನು ನಾನು ಕಂಡಿಲ್ಲ. ಮಾತಿನ ಮಧ್ಯೆ ಇದ್ದರೂ, ಬೆನ್ನು ತಿರುಗಿಸಿದ್ದರೂ, ಕೈಯಲ್ಲಿದ್ದದ್ದು ಮೇಜಿನ ಮೇಲೆ, ಕೈ ಖಾಲಿ, ಹೆಜ್ಜೆ ಹಿಂದೆ. ಬಂದೂಕನ್ನು ಕೆಳಗಿಡಲು ಅವನಿಗೆ ಎಷ್ಟು ಆತುರವಿತ್ತೆಂದರೆ, ನಾನು ಬೇರೆ ಯಾರಿಗೋ ಹೇಳಿದ್ದಕ್ಕೂ ಅವನು ಇಡುತ್ತಿದ್ದ. ಪ್ರಮಾಣಪತ್ರಕ್ಕೆ ಸಂತೋಷದಿಂದ ಸಹಿ ಹಾಕಿದೆ.

ಪರವಾನಗಿ ಕಚೇರಿಯಲ್ಲಿ ಸಂದರ್ಶನಕ್ಕೆ ಕರೆದ ದಿನ, ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಕಾಫಿ ಕೊಟ್ಟೆ.

"ಏನು ಕೇಳಿದ್ರು?"

"ಒಳ್ಳೆ ಮನುಷ್ರು ಅಮ್ಮಾ. ಕೂರಿಸಿ ಮಾತಾಡ್ಸಿದ್ರು. ಊರು ಕೇರಿ ಎಲ್ಲಾ ಕೇಳಿದ್ರು. ಆಮೇಲೆ, ‘ನೋಡಪ್ಪ, ಒಂದು ಪ್ರಾಣಿ ನಿನ್ ಮೇಲೆ ನುಗ್ಗಿ ಬತ್ತಾ ಅದೆ. ಕೈಲಿ ಬಂದೂಕದೆ. ಮೊದ್ಲು ಏನ್ ಮಾಡ್ತೀಯ?’ ಅಂದ್ರು."

"ನೀನೇನಂದೆ?"

ಅವನು ಲೋಟ ಕೆಳಗಿಟ್ಟು, ಕೈ ತೆಗೆದು, ಕುರ್ಚಿಯಲ್ಲಿ ಹಿಂದಕ್ಕೆ ಸರಿದ.

"ಬಂದೂಕು ಕೆಳಗಿಟ್ಟು, ಕೈ ತೆಗ್ದು, ಹಿಂದಕ್ಕೆ ಸರೀತೀನಿ ಸಾರ್, ಅಂದೆ."

ಯಜಮಾನರಿಗೆ ಕಾಫಿ ನೆತ್ತಿಗೇರಿತು.

"ಆಮೇಲೆ?"

"‘ಸರಿದ ಮೇಲೆ?’ ಅಂದ್ರು. ಓಡ್ತೀನಿ ಸಾರ್ ಅಂದೆ. ‘ಹಾಗಾದ್ರೆ ಬಂದೂಕು ಯಾತಕ್ಕೆ?’ ಅಂದ್ರು. ಅದಕ್ಕೆ ನಿಮ್ಮ ಪಾಠದಲ್ಲಿ ಉತ್ತರ ಇರ್ಲಿಲ್ಲ ಕಣಮ್ಮ."

ನಿಜ, ಇರಲಿಲ್ಲ. ಈಗಲೂ ಇಲ್ಲ. ಅವನಿಗೆ ಕಲಿಸಿದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಹೆದರಿದ ಮನುಷ್ಯನ ಕೈಯಲ್ಲಿ ಬಂದೂಕು ಇರಬಾರದೆಂದು ನಾಳೆಯೂ ಅದನ್ನೇ ಕಲಿಸುತ್ತೇನೆ. ಆ ಅಧಿಕಾರಿಯ ಮೇಲೂ ನನಗೆ ದೂರಿಲ್ಲ. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಅವನೇ ಆಮೇಲೆ ಹೇಳಿದ: ಅದೇ ಅತಿಥಿಗೃಹದ ಇನ್ನೊಬ್ಬ ಗೈಡು, ಇವನಿಗಿಂತ ಹಿರಿಯ, ಮೊದಲೇ ತನ್ನ ಜಿಲ್ಲೆಯಲ್ಲಿ ಅರ್ಜಿ ಹಾಕಿದ್ದನಂತೆ. ಅವನನ್ನೂ ಇದನ್ನೇ ಕೇಳಿದ್ದರು. ಅವನು ಎದೆ ಸೆಟೆಸಿ, "ಹೊಡೆದು ಕೆಡವ್ತೀನಿ ಸಾರ್," ಎಂದಿದ್ದ. ಅದು ಕಾನೂನು ಕಾಪಾಡುವ ಪ್ರಾಣಿ, ಕೊಲ್ಲುವುದಾಗಿ ನೀನೇ ಮುಂಚಿತವಾಗಿ ಹೇಳುತ್ತಿದ್ದೀಯಲ್ಲ ಎಂದು ಅಲ್ಲಿಂದಲೇ ವಾಪಸು ಕಳಿಸಿದ್ದರು. ಹೊಡೆಯುತ್ತೇನೆ ಎಂದವನಿಗೂ ಇಲ್ಲ, ಓಡುತ್ತೇನೆ ಎಂದವನಿಗೂ ಇಲ್ಲ. ಈ ಎರಡರ ನಡುವೆ ಹೇಳಬಹುದಾದ ಮಾತೊಂದು ಇದೆಯೇ ಎಂದು ಸಮುದ್ರದ ದಂಡೆಯಲ್ಲಿ ನಡೆಯುತ್ತ ಎಷ್ಟೋ ಬೆಳಗು ಯೋಚಿಸಿದೆ. ಗಾಳಿಗೆ ಹೊಡೆದು ಹೆದರಿಸುತ್ತೇನೆ ಎನ್ನಬಹುದಿತ್ತು. ಅದಕ್ಕೆ ಪಟಾಕಿ ಸಾಕಲ್ಲ ಎನ್ನುತ್ತಿದ್ದರು. ಸರಿಯಾಗಿಯೇ ಎನ್ನುತ್ತಿದ್ದರು.

ಬಂದೂಕಿನ ಅಗತ್ಯ ಕಂಡುಬಂದಿಲ್ಲ ಎಂದು ಉತ್ತರ ಬಂತು. ಮೇಲ್ಮನವಿ ಬರೆದುಕೊಟ್ಟೆ. ಅದಕ್ಕೂ ಅದೇ ಉತ್ತರ, ಸ್ವಲ್ಪ ಉದ್ದವಾಗಿ.

ಅವನು ಕೆಲಸ ಹೋಯಿತೆಂದೇ ತಿಳಿದಿದ್ದ. ಹೋಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯ ಮ್ಯಾನೇಜರ್ ಹುಡುಗಿ ನನಗೆ ಫೋನ್ ಮಾಡಿದಳು. ಚುರುಕು, ಮರ್ಯಾದೆಯ ಮಾತು.

"ಮೇಡಂ, ಗನ್ ಪ್ರಾಬ್ಲಂ ಸಾಲ್ವ್ ಆಯ್ತು. ಲೈಸೆನ್ಸ್ ಇರೋರನ್ನೇ ಹುಡುಕಿದ್ವಿ. ಅವರದೇ ಗನ್ನು. ಇನ್ಶೂರೆನ್ಸಿನವರಿಗೆ ತೋರಿಸೋಕೆ ನಿಮ್ಮ ಸರ್ಟಿಫಿಕೇಟ್ ಒಂದು ಬೇಕು. ಈ ಶನಿವಾರ ಕಳಿಸ್ಲಾ?"

"ಅವರಿಗೆ ಕಾಡು ಗೊತ್ತಾ?"

"ಕಾಡು ತೋರಿಸೋಕೆ ನಮ್ಮ ಗೈಡ್ ಇದಾರಲ್ಲ ಮೇಡಂ. ಅವರು ಮುಂದೆ, ಇವರು ಹಿಂದೆ."

"ಆ ಲೈಸೆನ್ಸು ಅಲ್ಲಿಗೆ ಸಲ್ಲುತ್ತಾ?"

"ಅದನ್ನ ಲಾಯರ್ ನೋಡ್ಕೊಂಡಿದಾರೆ. ಗೆಸ್ಟ್‌ಗಳ ಕಣ್ಣಿಗೆ ಒಂದು ಗನ್ ಕಾಣಬೇಕು ಮೇಡಂ. ಅಷ್ಟೇ."

ಅವರು ಮುಂದೆ, ಇವರು ಹಿಂದೆ. ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ನಿಂತದ್ದು ಅದೊಂದೇ. ತುಂಬಿದ ಬಂದೂಕು ಹಿಡಿದವನ ಮುಂದೆ ನಡೆಯಬಾರದು ಎಂಬುದನ್ನು ನಾನು ಪಾಠವೆಂದೂ ಹೇಳಿಕೊಡುವುದಿಲ್ಲ. ಅದು ನೆಲದ ಮೇಲೆ ಹಳದಿ ಗೆರೆಯಾಗಿ ಬಳಿದಿದೆ. ಗೆರೆಯಾಚೆ ಯಾರಾದರೂ ಇದ್ದರೆ ನಮ್ಮಲ್ಲಿ ಒಂದು ಬಂದೂಕೂ ಮೇಜಿನಿಂದ ಏಳುವುದಿಲ್ಲ.

ಶನಿವಾರ ಇಬ್ಬರೂ ಬಂದರು, ಏಳಕ್ಕೆ ಮೊದಲೇ. ಬಂದೂಕಿನವರು ಅರವತ್ತರ ಹತ್ತಿರದ ಎತ್ತರದ ಆಳು. ಬ್ಯಾಂಕಿನ ಹಣ ಸಾಗಿಸುವ ವ್ಯಾನಿಗೆ ತಮ್ಮದೇ ಜೋಡಿ ನಳಿಗೆಯ ಬಂದೂಕು ಹಿಡಿದು ಬದುಕಿನ ಬಹುಪಾಲು ಕಾವಲಿದ್ದವರು. ಮಿಂಚುವ ಬೂಟು, ಕತ್ತರಿಸಿದ ಮೀಸೆ, ಬಂದೂಕಿನ ಮರಕ್ಕೆ ಎಣ್ಣೆ ತಿಕ್ಕಿ ಹೊಳಪು. ಅವರ ಮಾತು ತಮಿಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆನೆ ನೋಡಿದೀರಾ?" ಎಂದೆ.

"ದೇವಸ್ಥಾನದಲ್ಲಿ ನೋಡಿದೀನಿ ಅಮ್ಮಾ. ತಲೆ ಮೇಲೆ ಸೊಂಡಿಲಿಡುತ್ತೆ, ಬಾಳೆಹಣ್ಣು ಕೊಡ್ತೀವಿ, ಹೋಗುತ್ತೆ."

"ಅಲ್ಲೂ ಸೊಂಡಿಲಿಡ್ತದೆ ಅಣ್ಣಾ," ಎಂದ ಗೈಡು. "ಹಣ್ಣು ಕೇಳಾಕಿಲ್ಲ, ಅಷ್ಟೇ ವ್ಯತ್ಯಾಸ."

ಕಾವಲಿನವರು ಮನಸಾರೆ ನಕ್ಕರು. ಒಳ್ಳೆಯ ಮನುಷ್ಯ. ನಾನು ಸುಲಭವಾಗಿ ಸಿಟ್ಟು ಮಾಡಿಕೊಳ್ಳಬಹುದಾದಂಥವರು ಬಂದಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಬಂದೂಕು ಖಾಲಿಯೆಂದು ನಾನೂ ನೋಡಿ, ಅವರಿಗೂ ತೋರಿಸಿ, ಕಾಡತೂಸಿನ ಪಟ್ಟಿಯನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಇಬ್ಬರನ್ನೂ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಗೋಡೆಗೂ ಹಳೆಯ ಬೆಂಚುಗಳ ಸಾಲಿಗೂ ನಡುವೆ ಒಬ್ಬರು ಹೋಗುವಷ್ಟು ಓಣಿ ಇದೆ. ನಡೆಯಿರಿ ಎಂದೆ.

ಮೊದಲು ಬಂದೂಕನ್ನು ಮುಂದೆ ಕಳಿಸಿದೆ. "ಹಿಂಗಾದ್ರೆ ನಂಗೆ ಇವ್ರ ಬೆನ್ನೇ ಕಾಡು," ಎಂದ ಗೈಡು. "ಹೆಜ್ಜೆ ಗುರ್ತು ಇವ್ರು ತುಳಿದ ಮೇಲೆ ನಾನು ನೋಡ್ಬೇಕು." ಅಕ್ಕಪಕ್ಕ ನಡೆಸಿದೆ, ಓಣಿಯಲ್ಲಿ ಹಿಡಿಸಲಿಲ್ಲ. ಅಲ್ಲಿನ ದಾರಿ ಇದಕ್ಕಿಂತ ಕಿರಿದು, ಎರಡು ಕಡೆಯೂ ಲಂಟಾನ ಮುಳ್ಳು ಎಂದ. ಬಂದೂಕನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಕಾಡತೂಸು ತೆಗೆದು, ತೋಳಿನ ಮೇಲೆ ಹಾಕಿಕೊಳ್ಳಿ ಎಂದೆ. ನಾನು ಒಪ್ಪುವುದು ಆ ಒಂದು ರೀತಿಯನ್ನೇ. ಕಾವಲಿನವರು ಮುಜುಗರದಿಂದ ಹೇಳಿದರು: ಹಾಗೆ ಹಿಡಿದ ಫೋಟೋ ಕಳಿಸಿದ್ದೆ ಅಮ್ಮಾ, ಬಂದೂಕು ಮುರಿದಂತೆ ಕಾಣುತ್ತದೆ, ಭುಜದ ಮೇಲೆ ನೆಟ್ಟಗಿರಲಿ, ತುಂಬಿರಲಿ ಎಂದು ಕಂಪನಿಯ ಆಫೀಸಿನವರು ಹೇಳಿದ್ದಾರೆ.

ಹಾಗಾಗಿ ಉಳಿದದ್ದು ಮ್ಯಾನೇಜರ್ ಹುಡುಗಿ ಹೇಳಿದ್ದೇ. ಅವರು ಮುಂದೆ, ಇವರು ಹಿಂದೆ.

ಆಗ ಗೈಡು ನನ್ನ ಹತ್ತಿರ ಬಂದು, ಎಂದಿಗಿಂತ ತಗ್ಗಿದ ದನಿಯಲ್ಲಿ ಕೇಳಿದ. "ಅಮ್ಮಾ, ನಂಗೆ ಕಲಿಸಿದ್ದನ್ನೇ ಇವ್ರಿಗೂ ಕಲಿಸ್ಬಿಡಿ. ನಾನು ಕೂಗಿದ್ರೆ ಬಂದೂಕು ಕೆಳಗಿಡ್ಬೇಕು. ಕರಡಿ ನಾನು ನೋಡ್ಕತೀನಿ. ನನ್ನ ಬೆನ್ನು ನೋಡ್ಕಳಾಕೆ ಆಗಾಕಿಲ್ಲ."

ಪರವಾನಗಿ ತಪ್ಪಿಸಿದ ಪಾಠವೇ ಈಗ ಅವನಿಗೆ ಬೇಕಾಗಿತ್ತು. ಕಲಿಸಿದೆ. ಮೇಜಿನೆದುರು ನಾನು "ಸ್ಟಾಪ್" ಎಂದರೆ ಕಾವಲಿನವರು ಅಚ್ಚುಕಟ್ಟಾಗಿ ಇಟ್ಟರು. ಮತ್ತೆ ಮತ್ತೆ ಹೇಳಿದೆ. ಮತ್ತೆ ಮತ್ತೆ ಇಟ್ಟರು. ಓಣಿಯಲ್ಲಿ ನಡೆಯುತ್ತ, ನನ್ನ ಮುಖ ನೋಡುತ್ತಿದ್ದಾಗ ಹೇಳಿದರೂ ಇಟ್ಟರು. ಈಗ ನೀನು ಕೂಗು ಎಂದು ಗೈಡಿಗೆ ಸನ್ನೆ ಮಾಡಿದೆ.

ಅವನು ನಡೆಯುತ್ತ ಏನೋ ಕಥೆ ಹೇಳುತ್ತಿದ್ದ. ಮಾತಿನ ನಡುವೆಯೇ, ಕರಡಿಗೆ ಕೂಗುವಂತೆ, ಗಂಟಲು ಬಿಚ್ಚಿ ಕೂಗಿದ. ಗೇಟಿನ ಹತ್ತಿರದ ಕಾಗೆಗಳೆಲ್ಲ ಎದ್ದವು. ಕಾವಲಿನವರ ಎರಡೂ ಕೈ ಬಂದೂಕನ್ನು ಎದೆಗೆ ಎಳೆದುಕೊಂಡವು. ಮೂತಿ ಮುಂದಿದ್ದ ಗೈಡಿನ ಬೆನ್ನಿಗೆ ಬಂತು. ‘ಟಕ್’ ಎಂದಿತು.

ಖಾಲಿ ಬಂದೂಕಿನ ಸದ್ದು ಬಲು ಸಣ್ಣದು. ಅಂಗಳದ ಎಲ್ಲರಿಗೂ ಕೇಳಿಸಿತು.

ಗೈಡು ತಿರುಗಲಿಲ್ಲ. ನಿಂತಲ್ಲೇ, "ಅಯ್ಯಪ್ಪಾ, ಸತ್ತೆ," ಎಂದ. ಈ ಸಲ ಮೆಲ್ಲಗೆ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ಕಾವಲಿನವರು ಬೆಂಚಿನ ಮೇಲೆ ಕೂತರು. ಬಂದೂಕು ಮಾತ್ರ ಇನ್ನೂ ಕೈಯಲ್ಲೇ. ನೀರು ಕೊಟ್ಟೆ. ಅದನ್ನೂ ಒಂದು ಕೈಯಲ್ಲೇ ಕುಡಿದರು.

"ತಪ್ಪು ತಿಳ್ಕೋಬೇಡಿ ಅಮ್ಮಾ," ಎಂದರು. "ವ್ಯಾನಿನ ಕೆಲಸಕ್ಕೆ ಸೇರಿದಾಗ ನಮ್ಮ ಮೇಲಿನವರು ಹೇಳಿದ್ದು ಒಂದೇ. ಕಳ್ಳ ಮೊದಲು ಮಾಡೋದು ಕೂಗೋದು. ಯಾರು ಏನೇ ಕೂಗಲಿ, ಬಂದೂಕು ಬಿಡಬಾರದು. ಕೂಗಿದಷ್ಟೂ ಬಿಗಿಯಾಗಿ ಹಿಡಿ ಅಂತ. ಬೆನ್ನ ಹಿಂದೆ ಬಂದು ಕೂಗಿ ಕೂಗಿ ಕಲಿಸಿದ್ರು. ನಿದ್ದೇಲಿ ಹೆಂಡತಿ ಕೂಗಿದರೂ ನನ್ನ ಕೈ ಮಡಚಿಕೊಳ್ಳುತ್ತೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ನನ್ನ ಜಾತಿಯವರೇ. ಏಕೆ ಎಂದು ಕೇಳದೆ ಕಲಿತು, ಕಲಿತದ್ದನ್ನು ಮೈಯಲ್ಲಿ ಇಳಿಸಿಕೊಂಡವರು. ನನ್ನ ಮುಂದೆ ನಿಲ್ಲುವ ಪ್ರತಿಯೊಬ್ಬರಿಂದಲೂ ನಾನು ಬಯಸುವುದು ಅದನ್ನೇ. ಅಷ್ಟು ಗಟ್ಟಿಯಾಗಿ ಕೂತದ್ದನ್ನು ಕೀಳುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಸಹಿ ಹಾಕಲಿಲ್ಲ. ಮುಂದಿನ ಶನಿವಾರ ಬನ್ನಿ ಎಂದೆ. ಬಂದರು. ಅದರ ಮುಂದಿನ ಶನಿವಾರವೂ ಬಂದರು. ಕೂಗಿದಾಗೆಲ್ಲ ಅವರ ಕೈ ಒಳಕ್ಕೇ ಹೋಯಿತು. ಬೆರಳನ್ನು ಮಾತ್ರ ಹೊರಗಿಡಲು ಕಲಿತರು, ಅದೂ ಮೂರಕ್ಕೊಂದು ಸಲ ಮರೆಯುತ್ತಿದ್ದರು. ಮ್ಯಾನೇಜರ್ ಹುಡುಗಿಗೆ ನಾನೇ ಫೋನ್ ಮಾಡಿ, ಈ ಮನುಷ್ಯನನ್ನು ನಿಮ್ಮ ಗೈಡಿನ ಬೆನ್ನ ಹಿಂದೆ ನಡೆಸಬೇಡಿ ಎಂದೆ. ಕೇಳಿಕೊಂಡಳು. ಕಾಳಜಿಗೆ ಥ್ಯಾಂಕ್ಸ್ ಎಂದಳು. ಹಂಗಾಮು ಶುರುವಾಗುತ್ತಿದೆ ಎಂದಳು. ಮರುವಾರ ಅವರಿಬ್ಬರೂ ಬರಲಿಲ್ಲ. ಬೇರೆ ಕಡೆಯಿಂದ ಪ್ರಮಾಣಪತ್ರ ಆಯಿತೆಂದು ಗೈಡು ಮೆಸೇಜು ಕಳಿಸಿದ. ಮೇಜಿನೆದುರು ನಿಂತು ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯನಿಗೆ ಪ್ರಮಾಣಪತ್ರ ಕೊಡಲು ಏನು ಅಡ್ಡಿ? ನಾನೂ ಆ ಓಣಿಗೆ ಕರೆದೊಯ್ಯದಿದ್ದರೆ ಕೊಡುತ್ತಿದ್ದೆ.

ಹಂಗಾಮಿಗೆ ಹೋಗುವ ಮುನ್ನ ಗೈಡು ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದಿದ್ದ. ಮಗಳಿಗೆ ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರ. "ಅಪ್ಪನ ಕಥೆ ಎಲ್ಲಾ ಪೊಯ್, ಪಾಟ್ಟಿ," ಎಂದು ನನಗೆ ಗುಟ್ಟು ಹೇಳಿದಳು. ಎಲ್ಲ ಸುಳ್ಳು, ಅಜ್ಜಿ, ಎಂದು. ಅವನನ್ನು ಬಾಲ್ಕನಿಗೆ ಕರೆದು, ಈ ಕೆಲಸ ಬಿಡು ಎಂದೆ.

"ಬಿಟ್ಟು?"

ಕಾರ್ಖಾನೆ ಮುಚ್ಚಿದ ಮೇಲೆ ಅವನು ಎಲ್ಲೆಲ್ಲಿ ಏನೇನು ಮಾಡಿ ನೋಡಿದ್ದನೆಂದು ನನಗೆ ಗೊತ್ತಿತ್ತು.

"ಒಳ್ಳೆ ಮನುಷ್ಯ ಕಣಮ್ಮ ಆ ಅಣ್ಣ," ಎಂದ. "ಊಟ ಮಾಡಿದ್ಯಾ ಅಂತ ಕೇಳ್ತಾರೆ."

ಈಗ ಹಂಗಾಮು ನಡೆಯುತ್ತಿದೆ. ಸಂಜೆಯ ನಡಿಗೆ ಮುಗಿದ ಮೇಲೆ ಫೋನ್ ಮಾಡು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಮಾಡುತ್ತಾನೆ. ನಾನು ದೀಪ ಹಚ್ಚಿ, ಫೋನನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಬೇಳೆ ಆರಿಸುತ್ತ ಕೂರುತ್ತೇನೆ. ಮೊದಮೊದಲು "ಬಂದ್ವಿ ಅಮ್ಮಾ!" ಎಂದರೆ ಒಳಕೋಣೆಯಲ್ಲಿದ್ದ ಯಜಮಾನರಿಗೂ ಕೇಳಿಸುತ್ತಿತ್ತು. "ನಿಮ್ಮ ರೇಡಿಯೋ ಬಂತು," ಎನ್ನುತ್ತಿದ್ದರು. ಈಚೆಗೆ ಕೇಳಿಸುವುದಿಲ್ಲ. ನಿನ್ನೆ ನನಗೇ ಸರಿಯಾಗಿ ಕೇಳಲಿಲ್ಲ.

"ಯಾಕೋ, ಗಂಟಲು ಕಟ್ಟಿದ್ಯಾ?"

"ಇಲ್ಲ ಅಮ್ಮಾ. ಅಭ್ಯಾಸ ಆಗ್ಬಿಟ್ಟದೆ. ಈಗ ದಾರೀಲಿ ಮಾತಾಡಾಕಿಲ್ಲ ನಾನು. ದನಿ ಎತ್ತಿದ್ರೆ ಹಿಂದುಗಡೆ ಅಣ್ಣನ ಕೈ ಬಂದೂಕಿಗೆ ಹೋಯ್ತದಲ್ಲ. ಗೆಸ್ಟುಗಳಿಗೆ ಬೋ ಖುಷಿ. ಕಾಡು ಎಷ್ಟು ನಿಶ್ಶಬ್ದ ಅಂತಾರೆ."

"ಕರಡಿ ಎದ್ರೆ?"

ಆ ಕಡೆ ಹಿನ್ನೆಲೆಯಲ್ಲಿ ಯಾರೋ ಊಟಕ್ಕೆ ಕರೆಯುತ್ತಿದ್ದರು, ತಮಿಳಿನಲ್ಲಿ, ಅಕ್ಕರೆಯಿಂದ. ಕಾವಲಿನವರೇ ಇರಬೇಕು.

"ಎದ್ರೆ ಏಳ್ತದೆ," ಎಂದ. "ಕೂಗಾಕಿಲ್ಲ."

ನಾಳೆ ಫೋನ್ ಮಾಡು ಎಂದೆ. ಹೂಂ ಎಂದ. ಬೇಳೆಯಲ್ಲಿ ಕಲ್ಲಿರಲಿಲ್ಲ. ಮತ್ತೊಂದು ಸಲ ಆರಿಸಿದೆ.